ಬಾಂದುಕಲ್ಲು ಇಡಲು ಗಾಳಿಯಲ್ಲಿ ಒಂದು ಜಾಗ

ಕಲ್ಲಿನ ಮೂಲ ಸ್ಥಳವನ್ನು ತೋರಿಸಿಕೊಡುವ ಅಧಿಕಾರವುಳ್ಳ ಮಾನ್ಯರೇ,

ನಿಮ್ಮ ಆದೇಶವನ್ನು ಪಾಲಿಸಲು ನಾವು ಸಿದ್ಧರಿದ್ದೇವೆ. ಕಲ್ಲು ಸಿದ್ಧವಿದೆ. ಅದನ್ನು ಹೊರಲು ನಾಲ್ಕು ಜನ ಗಟ್ಟಿ ಆಳುಗಳು ಸಿದ್ಧರಿದ್ದಾರೆ. ಡೊಳ್ಳನ್ನು ಬಿಸಿಲಿಗೆ ಕಾಯಿಸಿ ಇಟ್ಟಿದ್ದೇವೆ. ಆದೇಶದಲ್ಲಿ ನೀವು ಹೇಳಿರುವ ‘ಮೂಲ ಸ್ಥಳ’ ಮಾತ್ರ ಈಗ ನೆಲದಿಂದ ಸುಮಾರು ಎಪ್ಪತ್ತು ಅಡಿ ಮೇಲೆ, ಬರಿಯ ಗಾಳಿಯಲ್ಲಿದೆ. ಮೊನ್ನೆ ಹೋಗಿ ನೋಡಿದಾಗ ಅಲ್ಲಿ ಒಂದು ಹದ್ದು ಸುತ್ತು ಹಾಕುತ್ತಿತ್ತು. ಅದರ ಹತ್ತಿರ ಗುತ್ತಿಗೆ ಪತ್ರ ಇದೆಯೋ ಇಲ್ಲವೋ ವಿಚಾರಿಸಲು ನಮಗೆ ಅಧಿಕಾರವಿಲ್ಲ.

ಈ ತಿಂಗಳ ಹದಿನೆಂಟರೊಳಗೆ ಕಲ್ಲು ಅಲ್ಲಿ ಕೂರಬೇಕು. ಕೂರದಿದ್ದರೆ ಸರ್ಕಾರದ ಗಡಿಗುರುತನ್ನು ಕಿತ್ತು ಸಾಗಿಸಿದ ಅಪರಾಧಕ್ಕಾಗಿ ನನ್ನ ಅಜ್ಜಿಯ ಮೇಲೆ ಮೊಕದ್ದಮೆ ಹೂಡಲಾಗುತ್ತದೆ ಎಂದು ಬರೆದಿದ್ದೀರಿ. ಅಜ್ಜಿಯ ಹೆಸರು ಏಕನಾಥಮ್ಮ, ವಯಸ್ಸು ಎಪ್ಪತ್ತಾರು, ಕಸುಬು ಕುರಿ. ಒಂದು ಇಡೀ ಗುಡ್ಡದ ಮುಕ್ಕಾಲು ಪಾಲು ಜಲ್ಲಿಯಾಗಿ ಲಾರಿ ಹತ್ತಿ ಹೋದ ಈ ಪ್ರಕರಣದಲ್ಲಿ, ಇವತ್ತಿನವರೆಗೆ ಆರೋಪ ಹೊತ್ತಿರುವ ಏಕೈಕ ವ್ಯಕ್ತಿ ಅವಳೇ. ಅವಳು ಹೊತ್ತೊಯ್ದದ್ದು ಒಂದು ಕಲ್ಲು.

ನಿಮ್ಮ ಹುದ್ದೆಯ ಹೆಸರನ್ನು ಬರೆಯದೆ ಬರೀ ‘ಮಾನ್ಯರೇ’ ಎಂದಿರುವುದಕ್ಕೆ ಬೇಸರ ಬೇಡ. ಮೊದಲ ಐದು ಅರ್ಜಿಗಳಲ್ಲಿ ಹುದ್ದೆ, ಇಲಾಖೆ, ಕೊಠಡಿ ಸಂಖ್ಯೆ ಎಲ್ಲ ಬರೆದೇ ಕೊಟ್ಟಿದ್ದೆವು. ನೆಲದವರು ಇದು ಕಲ್ಲಿನವರ ವಿಷಯ ಎಂದರು, ಕಲ್ಲಿನವರು ಇದು ನೆಲದವರ ವಿಷಯ ಎಂದರು, ಪರಿಸರದವರು ದೂಳಿನ ಮಟ್ಟಿಗೆ ಮಾತ್ರ ತಮ್ಮನ್ನು ಕೇಳಬಹುದು ಎಂದರು. ಹೀಗಾಗಿ ಈ ಸಲ, ಯಾರು ಬಂದು ನಮಗೆ ಆ ಜಾಗವನ್ನು ಬೆರಳು ಮಾಡಿ ತೋರಿಸಬಲ್ಲರೋ ಅವರಿಗೇ ಬರೆಯುತ್ತಿದ್ದೇನೆ. ಅದು ನೀವಾಗಿರದಿದ್ದರೆ ಪತ್ರವನ್ನು ಮಡಚಿ ಪಕ್ಕದ ಮೇಜಿಗೆ ಕೊಡಿ. ಅಭ್ಯಾಸ ಇದ್ದೇ ಇದೆ.

ನನ್ನ ಪರಿಚಯವನ್ನೂ ಹೇಳಿಬಿಡಬೇಕು, ಯಾಕೆಂದರೆ ನೀವು ನನ್ನನ್ನು ದಿನವೂ ನೋಡುತ್ತೀರಿ, ನೋಡಿಲ್ಲ ಅಷ್ಟೆ. ಚಿತ್ರದುರ್ಗದಲ್ಲಿ ಕನ್ನಡ ಎಂ.ಎ. ಮುಗಿಸಿ ಎರಡು ವರ್ಷದಿಂದ ಹೊಸದುರ್ಗದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ತರಗತಿಯಲ್ಲಿ ಹಾಜರಿ ಕೂಗಿದಾಗ ‘ಇದ್ದೇನೆ’ ಎನ್ನಲು ನಾಚಿಕೊಂಡು ಅರ್ಧ ವರ್ಷದ ಹಾಜರಾತಿ ಕಳೆದುಕೊಂಡವಳು ನಾನು. ಎದುರಿಗೆ ನಿಂತು ಮಾತಾಡಲು ನನಗೆ ಬರುವುದಿಲ್ಲ. ಆದರೆ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಸುಮ್ಮನೆ ಕೂತವರಿಗೆ ಒಂದು ತಾಲ್ಲೂಕು ಹೇಗೆ ನಡೆಯುತ್ತದೆ ಎನ್ನುವುದು ಯಾವ ಸಭೆಗಿಂತಲೂ ಚೆನ್ನಾಗಿ ಕಾಣುತ್ತದೆ. ಬೆಂಚಿನ ಒಂದು ತುದಿಯಲ್ಲಿ ದೂರು ಕೊಡುವವರು ಕೂತಿರುತ್ತಾರೆ, ಇನ್ನೊಂದು ತುದಿಯಲ್ಲಿ ದೂರಿಗೆ ಗುರಿಯಾದವರ ಗುಮಾಸ್ತರು. ಇಬ್ಬರ ಹಾಳೆಗಳೂ ಅದೇ ಮೆಷಿನ್ನಿನ ಬೆಳಕಿನಡಿ ಹೋಗಿ ಬಿಸಿಬಿಸಿಯಾಗಿ ಹೊರಗೆ ಬರುತ್ತವೆ. ವ್ಯತ್ಯಾಸ ಇಷ್ಟೇ: ದೂರು ಕೊಡುವವರ ಹಾಳೆ ಒಂದು, ಎರಡು. ಗುಮಾಸ್ತರ ಕಡತವನ್ನು ತಿರುವಿ ಹಾಕಲು ಒಬ್ಬರು, ಜೋಡಿಸಲು ಒಬ್ಬರು ಬೇಕು.

‘ನಮ್ಮ ಮೆಷಿನ್‌ಗೆ ಯಾವ ಪಾರ್ಟಿನೂ ಇಲ್ಲ ಕಣಮ್ಮ,’ ಎಂದು ಅಂಗಡಿಯ ಮಾಲೀಕರಾದ ರಾಜಶೇಖರಣ್ಣ ಮೊದಲ ದಿನವೇ ಹೇಳಿದ್ದರು. ‘ಕಳ್ಳಂದೂ ಕಾಪಿ ತೆಗೀತೈತೆ, ಸಾಚಾಂದೂ ತೆಗೀತೈತೆ. ನೀನೂ ಹಂಗೇ ಇರು.’

ಹಾಗೇ ಇದ್ದೆ. ಈಗ ಗುಡ್ಡದ ವಿಷಯಕ್ಕೆ ಬರುತ್ತೇನೆ.

ಮತ್ತೋಡು ಹೋಬಳಿಯ ಕಡೆ ನಮ್ಮ ದೊಣೆಹಟ್ಟಿ. ಹಟ್ಟಿಯ ಬೆನ್ನಿಗೆ ದೊಣೆಗುಡ್ಡ. ಬಂಡೆಯಲ್ಲಿ ತಾನಾಗಿಯೇ ಆದ ಒಂದು ಹೊಂಡ, ಅಂದರೆ ದೊಣೆ, ಅದರ ನೆತ್ತಿಯಲ್ಲಿತ್ತು. ಬೇಸಿಗೆಯಲ್ಲೂ ಕುರಿಗಳಿಗೆ ಅಲ್ಲಿ ನೀರು ಸಿಗುತ್ತಿತ್ತು. ಗುಡ್ಡದ ಮೂಡಣ ಮಗ್ಗುಲಿನ ಆರು ಎಕರೆ ಕಲ್ಲುಗಣಿಗೆ ಗುತ್ತಿಗೆ ಕೊಟ್ಟಿದ್ದು, ಉಳಿದದ್ದೆಲ್ಲ ಹಟ್ಟಿಯ ದನಕುರಿಗಳ ಗೋಮಾಳ. ಎರಡರ ನಡುವೆ, ನೆತ್ತಿಯ ಮೇಲೆ, ಒಂದು ಬಾಂದುಕಲ್ಲು. ಸರ್ವೆಯವರು ಯಾವುದೋ ಕಾಲದಲ್ಲಿ ನೆಟ್ಟದ್ದು. ತಲೆಯ ಮೇಲೆ ಕೂಡುವ ಚಿಹ್ನೆಯಂಥ ಒಂದು ಗೆರೆ ಕೊರೆದಿದೆ. ಮಂಡಿಯೆತ್ತರ ಇದೆ.

ನೆಟ್ಟವರಿಗೆ ಅದು ಗುರುತು. ನಮ್ಮವರಿಗೆ ಅದು ಬಾಂದಪ್ಪ. ನೆಟ್ಟಗೆ ನಿಂತ ಕಲ್ಲನ್ನು ನಮ್ಮ ಜನ ಬಹಳ ದಿನ ಬರೀ ಕಲ್ಲಾಗಿ ಇರಲು ಬಿಡುವುದಿಲ್ಲ. ನನ್ನ ಮುತ್ತಜ್ಜನ ಕಾಲಕ್ಕೇ ಅದಕ್ಕೆ ಅರಿಶಿನದ ಭಂಡಾರ ಬಿದ್ದಿತ್ತು. ಮಂದೆ ದೂರದ ಸೀಮೆಗೆ ಮೇಯಲು ಹೊರಡುವ ಮುಂಚೆ ಬಾಂದಪ್ಪನಿಗೆ ಒಂದು ಕಾಯಿ, ಆ ವರ್ಷದ ಮೊದಲ ಮರಿಯ ಹಣೆಯನ್ನು ಅದಕ್ಕೆ ಒಮ್ಮೆ ಮುಟ್ಟಿಸುವುದು, ಆಮೇಲೆ ಹೊರಡುವುದು. ಇಲ್ಲಿಗೆ ನಮ್ಮದು ಮುಗಿಯಿತು, ಇನ್ನು ಬೇರೆಯವರ ನೆಲ, ನೋಡಿಕೊಂಡು ಮೇಯಿರಿ ಎಂದು ಕುರಿಗಳಿಗೆ ಹೇಳುವ ಜಾಗ ಅದು. ಕುರಿಗಳು ಕೇಳುತ್ತಿದ್ದವು. ಮಾನ್ಯರೇ, ಆ ಗೆರೆಯನ್ನು ಕಲಿಯಲು ಆಗದೆ ಹೋದದ್ದು ನಾಲ್ಕು ಕಾಲಿನವಕ್ಕಲ್ಲ.

ಗುತ್ತಿಗೆ ಹಿಡಿದ ದಣಿಯ ಹೆಸರನ್ನೂ ನಾನು ಬರೆಯುವುದಿಲ್ಲ. ಬರೆಯಲು ಧೈರ್ಯವಿಲ್ಲ ಎನ್ನುವುದು ಅರ್ಧ ಕಾರಣ, ಯಾವ ಹೆಸರನ್ನು ಬರೆಯಬೇಕು ಎನ್ನುವುದು ಇನ್ನರ್ಧ. ಗುತ್ತಿಗೆ ಮೊದಲು ಚಿತ್ರದುರ್ಗದಲ್ಲಿದ್ದ ದಣಿಯ ಹೆಸರಿನಲ್ಲಿತ್ತು. ಗೆರೆ ದಾಟಿದ್ದಾರೆ ಎಂದು ನಾವು ದೂರು ಕೊಟ್ಟು, ನೋಟಿಸು ಅಲ್ಲಿಗೆ ಮುಟ್ಟುವಷ್ಟರಲ್ಲಿ ಗುತ್ತಿಗೆ ಹೊಳಲ್ಕೆರೆಯ ಭಾವಮೈದುನನಿಗೆ ವರ್ಗವಾಗಿತ್ತು. ನೋಟಿಸು ಹೊಳಲ್ಕೆರೆಯ ಬಸ್ಸು ಹತ್ತಿತು. ಅದು ಇಳಿಯುವಾಗ ಗುತ್ತಿಗೆ ಹಿರಿಯೂರಿನ ಅಳಿಯನ ಮನೆಯಲ್ಲಿ ಊಟ ಮಾಡುತ್ತಿತ್ತು. ಈಗ ಅದು ಯಾವ ಊರಿನಲ್ಲೂ ಇಲ್ಲ, ಒಂದು ಕಂಪನಿಯಾಗಿದೆ. ಕಂಪನಿಯ ವಕೀಲರ ವಾದ ಏನೆಂದರೆ, ಗೆರೆ ದಾಟಿದ್ದರೆ ಅದು ಹಿಂದಿನವರು ದಾಟಿದ್ದು, ನಾವು ಈಗ ತಾನೇ ಹುಟ್ಟಿದ್ದೇವೆ. ಪ್ರತಿಯೊಬ್ಬರೂ ತಮ್ಮ ಹಿಂದಿನವರನ್ನು ತೋರಿಸುತ್ತಾರೆ, ಎಲ್ಲರ ಹಿಂದೆ ಅದೇ ದಣಿ ಅದೇ ಬಿಳಿ ಕಾರಿನಲ್ಲಿ ಕೂತಿರುತ್ತಾರೆ. ನಾನು ಓದಿದ ಯಾವ ಪುರಾಣದಲ್ಲೂ ಇಷ್ಟು ಅವತಾರಗಳು ಎರಡೇ ವರ್ಷದಲ್ಲಿ ಮುಗಿದಿಲ್ಲ. ನಮ್ಮ ಗುಡ್ಡ ಪಾಪ ಒಂದೇ ಕಡೆ ನಿಂತಿತ್ತು. ಸಿಕ್ಕಿಬಿದ್ದಿತು.

ಕಡೆಯ ನೋಟಿಸು ‘ವಿಳಾಸದಾರರು ಸಿಗಲಿಲ್ಲ’ ಎಂಬ ಷರಾದೊಂದಿಗೆ ವಾಪಸು ಬಂದ ದಿನ, ನಮ್ಮ ಅಂಗಡಿಯ ಎದುರಿನ ವೃತ್ತದಲ್ಲಿ ದಣಿಯ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುತ್ತಿದ್ದರು. ಇಪ್ಪತ್ತು ಅಡಿ ಎತ್ತರ. ಎರಡು ಪಕ್ಷಗಳ ಮುಖಂಡರು ಎಡಕ್ಕೂ ಬಲಕ್ಕೂ ನಿಂತು ಕೈ ಮುಗಿಯುತ್ತಿದ್ದರು. ಆ ಪಕ್ಷಗಳು ಬೇರೆಲ್ಲೂ ಒಟ್ಟಿಗೆ ನಿಂತದ್ದನ್ನು ನಾನು ಕಂಡಿಲ್ಲ. ಅಂಚೆಯವರು ಆ ಫ್ಲೆಕ್ಸಿನ ನೆರಳಿನಲ್ಲೇ ಸೈಕಲ್ ನಿಲ್ಲಿಸಿ ನಮ್ಮ ಅಂಗಡಿಯಲ್ಲಿ ನೀರು ಕುಡಿದು ಹೋದರು. ಅದೇ ಅಂಚೆ, ಮಾನ್ಯರೇ, ಮನೆ ನಂಬರು ಇಲ್ಲದ, ಬೇಸಿಗೆಯಲ್ಲಿ ಬಹುಪಾಲು ಯಾರದೋ ಹೊಲದ ಮಂದೆಯಲ್ಲೇ ಇರುವ ನನ್ನ ಅಜ್ಜಿಯನ್ನು ಎರಡೇ ದಿನದಲ್ಲಿ ಹುಡುಕಿ ನಿಮ್ಮ ಆದೇಶವನ್ನು ಕೈಗಿತ್ತಿತು. ಬಡವರ ವಿಳಾಸ ಎಷ್ಟು ಸ್ಪಷ್ಟವಾಗಿರುತ್ತದೆ, ನೋಡಿ.

ಜನಸಂಪರ್ಕ ಸಭೆಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ, ಕ್ಷಮಿಸಿ. ನಗು ಬರುತ್ತದೆ. ಅಜ್ಜಿಯ ತಮ್ಮನ ಮಗ ಓಬಣ್ಣ ಮಾವ ಸರದಿಯಲ್ಲಿ ಮೂರು ಗಂಟೆ ನಿಂತು ನಮ್ಮ ನಾಲ್ಕನೇ ಅರ್ಜಿಯನ್ನು ವೇದಿಕೆಯ ಮೇಲಿದ್ದ ಮುಖಂಡರ ಕೈಗೆ ಕೊಟ್ಟ. ಅವರು ಅದನ್ನು ಹಣೆಗೆ ಒತ್ತಿಕೊಂಡು ಪಕ್ಕದ ಅಧಿಕಾರಿಗೆ ದಾಟಿಸಿದರು. ಅಷ್ಟರಲ್ಲಿ ಹಾರ ಬಂತು. ಹಾರ ಹಾಕಿಸಿಕೊಳ್ಳಲು ಎರಡೂ ಕೈ ಖಾಲಿ ಬೇಕಲ್ಲ, ಅಧಿಕಾರಿ ಹಿಂದಿನ ಸಾಲಿನ ಕುರ್ಚಿಗೆ ಅರ್ಜಿಯನ್ನು ‘ಸ್ವಲ್ಪ ಹಿಡ್ಕೊಳ್ಳಿ’ ಎಂದು ಕೊಟ್ಟರು. ಹಿಂದಿನ ಕುರ್ಚಿಯಲ್ಲಿ ಶಾಮಿಯಾನ ಮತ್ತು ಊಟದ ಪ್ರಾಯೋಜಕರಾದ ನಮ್ಮ ದಣಿ ಕೂತಿದ್ದರು. ಅವರು ಅದನ್ನು ಬಹಳ ಗೌರವದಿಂದ ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ಓಬಣ್ಣ ಮಾವ ಹಟ್ಟಿಗೆ ಬಂದು ಹೇಳಿದ: ‘ಅರ್ಜಿ ಮುಟ್ಟತಕ್ಕೋರಿಗೆ ಮುಟ್ಟೈತೆ. ಅಂಚೆಗಿಂತ ಇದೇ ಬೇಶು.’

ಈಗ ಅಪರಾಧದ ಭಾಗ. ಇದನ್ನು ಮುಚ್ಚಿಡದೆ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ನನ್ನದೂ ಪಾಲಿದೆ.

ಹೋದ ವರ್ಷ ಮಾಘದಲ್ಲಿ ಗಣಿಯ ಮದ್ದಿನ ಸಿಡಿತ ಗೆರೆ ದಾಟಿ ಬಾಂದಪ್ಪನಿಗೆ ಹತ್ತು ಮಾರು ದೂರಕ್ಕೆ ಬಂತು. ಕಲ್ಲಿನ ಚೂರುಗಳು ಬಂದು ಅವನ ಮೈಮೇಲೆ ಬೀಳುತ್ತಿದ್ದವು. ಒಂದು ಸೋಮವಾರ ಬೆಳಿಗ್ಗೆ ಅಜ್ಜಿ ಕಂಬಳಿ ಕೊಡವಿ ಎದ್ದಳು.

‘ದೇವ್ರಿಗೆ ಕಲ್ಲೊಡೀತಾ ಅವ್ರೆ. ನೋಡ್ಕಂಡು ಕುಂತ್ಕಳಾಕಾಗುತ್ತಾ? ಎಬ್ಬಿಸ್ಕಂಡು ಬರಾಣ ನಡೀರಿ.’

ಓಬಣ್ಣ ಮಾವ ಅನುಮಾನಿಸಿದ. ‘ಅತ್ತೆ, ಅದು ಸರ್ಕಾರದ ಕಲ್ಲು.’

‘ಸರ್ಕಾರ ಬಂದು ಎತ್ಕತ್ತೈತೇನಲೇ? ಮನೆ ಸುಡುವಾಗ ಮಂದಿ ಕೂಸಾದ್ರೂ ಹೊರಗೆ ತರ್ತಾರೋ ಇಲ್ವೋ?’

ನಾಲ್ಕು ಜನ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ, ಕೋಲಿಗೆ ಕಟ್ಟಿ, ಡೊಳ್ಳಿನೊಂದಿಗೆ ಇಳಿಸಿ ತಂದು ಹಟ್ಟಿಯ ಗುಡಿಯಂಗಳದ ಬೇವಿನ ಮರದಡಿ ಕೂರಿಸಿದರು. ಕದ್ದು ಮಾಡಿದ ಕೆಲಸ ಅಲ್ಲ ಅದು. ಕದಿಯುವವರು ಡೊಳ್ಳು ಬಡಿಯುವುದಿಲ್ಲ, ಅಥವಾ ಬಡಿದರೆ ಅದಕ್ಕೆ ಕ್ರಷರ್ ಎನ್ನುತ್ತಾರೆ.

ಇಷ್ಟಕ್ಕೇ ಬಿಟ್ಟಿದ್ದರೆ ಬಹುಶಃ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನಮ್ಮ ಹಟ್ಟಿಯವರ ಒಂದು ಹುಟ್ಟುಗುಣವಿದೆ. ಬೇರೆಯವರ ಕುರಿಮರಿ ತಪ್ಪಿ ನಮ್ಮ ಮಂದೆಗೆ ಬಂದರೆ, ‘ನಿಮ್ಮ ಮರಿ ನಮ್ಮಲ್ಲೈತೆ, ಕ್ಷೇಮ ಐತೆ’ ಎಂದು ಹೇಳಿ ಕಳಿಸದೆ ರಾತ್ರಿ ಊಟ ಮಾಡುವುದಿಲ್ಲ. ಕಲ್ಲು ಸರ್ಕಾರದ್ದು ಎಂದ ಮೇಲೆ ಸರ್ಕಾರಕ್ಕೆ ಹೇಳಿ ಕಳಿಸಬೇಕಲ್ಲ. ಅಜ್ಜಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ‘ನೀನು ಓದೀಯಲ್ಲವ್ವಾ, ಸಾಹೇಬ್ರಿಗೆ ಒಂದು ಬರಿ. ನಿಮ್ಮ ಕಲ್ಲು ನಮ್ಮತ್ರ ಐತೆ, ಗಾಬರಿ ಆಗ್ಬೇಡ್ರಿ ಅಂತ.’

ಬರೆದೆ. ಎಂ.ಎ. ಓದಿ ಬರೆದ ಮೊದಲ ಸ್ವತಂತ್ರ ಕೃತಿ. ‘ತಮ್ಮ ಕಚೇರಿಯ ಸ್ವತ್ತಾದ ಬಾಂದುಕಲ್ಲು ಸಿಡಿತಕ್ಕೆ ಸಿಕ್ಕಿ ಪುಡಿಯಾಗುವ ಭಯವಿದ್ದುದರಿಂದ, ಶ್ರೀಮತಿ ಏಕನಾಥಮ್ಮನವರ ಮುಂದಾಳತ್ವದಲ್ಲಿ ಅದನ್ನು ಜೋಪಾನವಾಗಿ ತಂದು ಬೇವಿನ ತಂಪಿನಲ್ಲಿ ಇರಿಸಿಕೊಂಡಿದ್ದೇವೆ’ ಎಂದು ಬರೆದೆ. ‘ತಂಪಿನಲ್ಲಿ’ ಎನ್ನುವುದನ್ನು ಸೇರಿಸಿ ನನಗೇ ಸಂತೋಷವಾಯಿತು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಕಚೇರಿಯಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದು ಗುಡಿಯಲ್ಲಿ ಪಂಚಾಂಗದ ಪಕ್ಕ ಇಟ್ಟೆವು.

ನಮ್ಮ ಐದು ದೂರುಗಳಿಗೆ ಎರಡು ವರ್ಷದಲ್ಲಿ ಸಿಗದ ಗಮನ ಈ ಹಾಳೆಗೆ ಸಿಕ್ಕಿತು. ಕಂಪನಿಯ ಮೂವರು ವಕೀಲರು ಅದರ ದೃಢೀಕೃತ ನಕಲು ಪಡೆದರು. ನಮ್ಮದೇ ಅಂಗಡಿಗೆ ತಂದು ಹನ್ನೆರಡು ಪ್ರತಿ ಮಾಡಿಸಿದರು. ನಾನೇ ತೆಗೆದುಕೊಟ್ಟೆ. ಗಡಿಗುರುತನ್ನು ದೂರುದಾರರೇ ಕಿತ್ತಿದ್ದಾರೆ, ಬರವಣಿಗೆಯಲ್ಲಿ ಒಪ್ಪಿದ್ದಾರೆ, ಗುರುತೇ ಇಲ್ಲದ ಮೇಲೆ ಒತ್ತುವರಿ ಎಲ್ಲಿಂದ ಅಳೆಯುವುದು, ಆದ್ದರಿಂದ ಅಳತೆಗೇ ತಡೆ ಕೊಡಿ ಎಂದು ಕೋರ್ಟಿನಲ್ಲಿ ಕೇಳಿದರು. ತಡೆ ಸಿಕ್ಕಿತು. ತಡೆ ಅಳತೆಗೆ ಮಾತ್ರ, ಸಿಡಿತಕ್ಕಲ್ಲ. ಅಳೆಯಬಾರದು, ಒಡೆಯಬಹುದು. ಎಂಟು ತಿಂಗಳಲ್ಲಿ ಕಲ್ಲಿದ್ದ ನೆತ್ತಿ, ದೊಣೆ, ಅದರಾಚೆಯ ಹುಲ್ಲುಗಾವಲು ಎಲ್ಲ ಜಲ್ಲಿಯಾದವು. ಬರವಣಿಗೆಗೆ ಸಮಾಜವನ್ನು ಬದಲಿಸುವ ಶಕ್ತಿ ಇದೆಯೇ ಎಂದು ಎಂ.ಎ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಬಂದಿತ್ತು. ಆಗ ಅನುಮಾನದಿಂದ ಬರೆದಿದ್ದೆ. ಈಗ ಗುಡ್ಡದಷ್ಟು ದೊಡ್ಡ ಉದಾಹರಣೆ ಇದೆ.

ಆಮೇಲೆ ನಿಮ್ಮ ಆದೇಶ. ನಿಮ್ಮಲ್ಲಿ ಪ್ರಿಂಟರ್ ಕೆಟ್ಟಿದ್ದ ವಾರ ಅದು, ಕರಡು ನಮ್ಮ ಅಂಗಡಿಗೇ ಬಂತು. ‘ಸದರಿ ಕಲ್ಲನ್ನು ಮೂವತ್ತು ದಿನಗಳೊಳಗಾಗಿ ಅದರ ಮೂಲ ಸ್ಥಳದಲ್ಲಿಯೇ ಮರುಸ್ಥಾಪಿಸತಕ್ಕದ್ದು.’ ಎರಡು ಬೆರಳಿನ ಅಂತರ, ನಡುವೆ ಸಾಲು, ಕೆಳಗೆ ಗೆರೆ. ಅರ್ಧ ಟೈಪ್ ಮಾಡಿದ ಮೇಲೆ ‘ಏಕನಾಥಮ್ಮ ಕೋಂ’ ಎಂದು ಬಂತು. ಮುಂದೆ ನನ್ನ ಅಜ್ಜನ ಹೆಸರು. ಕೈ ನಿಂತಿತು. ರಾಜಶೇಖರಣ್ಣ ಕನ್ನಡಕದ ಮೇಲಿಂದ ನೋಡಿದರು. ನಾನು ಮತ್ತೆ ಟೈಪ್ ಮಾಡಿದೆ. ಹೀಗೆ ಅಜ್ಜಿಯ ತಪ್ಪೊಪ್ಪಿಗೆಯೂ ನನ್ನದೇ, ಅವಳ ಮೇಲಿನ ಆದೇಶವೂ ನನ್ನದೇ. ನಡುವೆ ನಿಮ್ಮದು ಸಹಿ.

ಅಜ್ಜಿಗೆ ಆದೇಶ ಓದಿ ಹೇಳಿದಾಗ ಅವಳಿಗೆ ಒಂದಿಷ್ಟೂ ಬೇಸರವಾಗಲಿಲ್ಲ. ‘ಸರಿಯಾಗೇ ಹೇಳವ್ರೆ ಸಾಹೇಬ್ರು. ಎಲ್ಲಿಂದ ತಂದ್ವೋ ಅಲ್ಲೇ ಇಡಬೇಕು. ಮಂದೆ ಹೊರಡಾಕಿಂತ ಮುಂಚೆ ಇಟ್ಟು ಬರಾಣ.’

ಹೋದ ಮಂಗಳವಾರ ಹೊರಟೆವು. ಬಾಂದಪ್ಪನಿಗೆ ಎಣ್ಣೆ ಹಚ್ಚಿ, ಭಂಡಾರ ಬಳಿದು, ಅದೇ ಕಂಬಳಿಯಲ್ಲಿ, ಅದೇ ಕೋಲಿನಲ್ಲಿ. ಮರುಸ್ಥಾಪನೆಯನ್ನು ನೋಡಿ ವರದಿ ಮಾಡಲು ನೀವು ಕಳಿಸಿದ ಸರ್ವೆಯರ್ ಸಾಹೇಬರು ಗಣಿಯ ಗೇಟಿನ ಹತ್ತಿರ ಕಾಯುತ್ತಿದ್ದರು. ಕಂಪನಿಯ ಮ್ಯಾನೇಜರ್ ಶ್ರೀನಿವಾಸ್ ಅವರು ಎಲ್ಲರಿಗೂ ಎಳನೀರು ತರಿಸಿದ್ದರು. ಗೇಟಿನ ಕಾವಲುಗಾರ ಯತ್ತಪ್ಪ ನಮ್ಮ ಪಕ್ಕದ ಹಟ್ಟಿಯವನು, ಡೊಳ್ಳಿನ ಸದ್ದಿಗೆ ಅವನ ಕಾಲು ತಾನಾಗಿಯೇ ತಾಳ ಹಾಕುತ್ತಿತ್ತು. ಮ್ಯಾನೇಜರ್ ನೋಡಿದಾಗ ನಿಲ್ಲಿಸಿದ.

ಒಳಗೆ ಹೋದರೆ ಗುಡ್ಡವಿಲ್ಲ. ಅಂಗಳ. ಒಂದು ಕಡೆ ಉಳಿದ ಗೋಡೆಯಂಥ ಬಂಡೆ, ಅದರ ತುದಿಯಲ್ಲಿ ಒಂದೇ ಒಂದು ಕಾರೆಗಿಡ, ಬೇರು ಅರ್ಧ ಹೊರಗೆ ಚಾಚಿಕೊಂಡು. ಡೊಳ್ಳು ನಿಂತಿತು.

‘ಎಲ್ಲಿತ್ತಮ್ಮಾ ಕಲ್ಲು? ಜಾಗ ತೋರ್ಸು, ಇಡಿಸ್ಬಿಡಾಣ,’ ಎಂದರು ಸರ್ವೆಯರ್ ಸಾಹೇಬರು.

ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಕೋಲೆತ್ತಿದಳು. ‘ಅಗಾ, ಅಲ್ಲಿ.’

‘ಎಲ್ಲಿ?’

‘ಆ ಕಾರೆಗಿಡ ಕಾಣ್ತೈತಲ್ಲ, ಅದ್ರ ಸಮಕ್ಕೆ ಇಪ್ಪತ್ತು ಹೆಜ್ಜೆ ಈ ಕಡೀಕೆ ಬಾ. ಅಗಾ, ಆ ಹದ್ದು ತಿರುಗ್ತೈತಲ್ಲ, ಅದ್ರ ಕೆಳಗೆ ಒಂದು ಮಾರು.’

‘ಅಲ್ಲಿ ಹೆಜ್ಜೆ ಇಡಾಕೆ ಏನೈತಮ್ಮ?’

‘ಅದ್ನ ಇವರ್ನ ಕೇಳಪ್ಪ. ಹೆಜ್ಜೆ ಇಡೋ ಜಾಗ ನಾನೇನು ಸೆರಗಿನಾಗೆ ಕಟ್ಕಂಡು ಬಂದೀನಾ?’

ಯತ್ತಪ್ಪ ಕೆಮ್ಮಿದ ಹಾಗೆ ಮಾಡಿ ಆ ಕಡೆ ತಿರುಗಿಕೊಂಡ. ಓಬಣ್ಣ ಮಾವ ಬಹಳ ಗಂಭೀರವಾಗಿ, ‘ಎರಡು ತೆಂಗಿನಮರ ಒಂದ್ರ ಮೇಲೊಂದು ನಿಲ್ಸಿದ್ರೆ ಸಿಗಬೌದು ಸಾರ್,’ ಎಂದ. ಸರ್ವೆಯರ್ ಸಾಹೇಬರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಅಜ್ಜಿ ತೋರಿಸಿದ ಜಾಗವನ್ನು ಅವರು ಬರೆದುಕೊಂಡರೆ, ಅಲ್ಲಿಯವರೆಗೆ ಒಂದು ಗುಡ್ಡ ಇತ್ತು ಎಂದು ಬರೆದುಕೊಂಡಂತೆ. ಗುಡ್ಡ ಇತ್ತು ಎಂದರೆ ಈಗ ಎಲ್ಲಿ ಎಂದು ಬರೆಯಬೇಕು. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ತೆಗೆದರು. ಕಡೆಗೆ ತಗ್ಗಿದ ದನಿಯಲ್ಲಿ ಕೇಳಿದರು:

‘ಅಜ್ಜೀ, ಸ್ವಲ್ಪ ಕೆಳಗೆ ತೋರ್ಸಕ್ಕಾಗುತ್ತಾ?’

ಆಗ ಶ್ರೀನಿವಾಸ್ ಅವರು ಮುಂದೆ ಬಂದರು. ಅವರು ಒಳ್ಳೆಯ ಮಾತುಗಾರರು. ‘ನೋಡ್ರಜ್ಜಿ, ನಿಮ್ಮ ವಯಸ್ಸಿಗೆ ಕೋರ್ಟು ಕಚೇರಿ ಯಾಕೆ? ಈಗ ಎಲ್ಲೈತೋ ಅಲ್ಲೇ, ಆ ಬೇವಿನ ಮರದ ಹತ್ರಾನೇ ಇತ್ತು ಅಂತ ತೋರ್ಸಿಬಿಡ್ರಿ. ಸಿಮೆಂಟು, ಕಟ್ಟೆ, ಗ್ರಾನೈಟು ಎಲ್ಲ ನಮ್ದು. ಗುಡಿನೂ ಕಟ್ಸಿಕೊಡ್ತೀವಿ. ಇವತ್ತೇ ಕೇಸು ಮುಗೀತದೆ.’

ಮಾನ್ಯರೇ, ಇದರ ಅರ್ಥ ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು, ಅಜ್ಜಿಗೆ ಹಿಡಿಯಲಿಲ್ಲ. ಬಾಂದುಕಲ್ಲು ಮೊದಲಿನಿಂದ ಬೇವಿನ ಮರದಡಿಯೇ ಇತ್ತು ಎಂದಾದರೆ, ಗಣಿಯ ಗಡಿ ಬೇವಿನ ಮರದವರೆಗೆ ಬರುತ್ತದೆ. ಹೋದ ಗುಡ್ಡ ದಣಿಯದೇ ಆಗಿತ್ತು ಎಂದಾಗುತ್ತದೆ. ನಾಳೆ ನಮ್ಮ ಗುಡಿಯಂಗಳದ ಸರದಿ. ಅಜ್ಜಿ ಒಂದು ಸುಳ್ಳು ಬೆರಳು ತೋರಿಸಿದರೆ ಸಾಕು, ಅವಳು ಬಿಡುಗಡೆ, ದಣಿ ಬಿಡುಗಡೆ, ನೀವೂ ಬಿಡುಗಡೆ.

‘ಅಲ್ಲಲೇ ಅಪ್ಪ,’ ಎಂದಳು ಅಜ್ಜಿ, ಬೈಯುವಂತಲ್ಲ, ಮಗುವಿಗೆ ಹೇಳುವಂತೆ. ‘ಅವನ ಹಣೆಗೆ ನೂರಾರು ಮರಿ ಮುಟ್ಟಿಸೀನಿ ನಾನು. ಅಲ್ಲಿದ್ದೋನ್ನ ಇಲ್ಲಿದ್ದ ಅಂದ್ರೆ ಕುರಿ ನಗ್ತಾವೆ.’ ಮತ್ತೆ ಕೋಲೆತ್ತಿ ಹದ್ದಿನ ಕಡೆ ತೋರಿಸಿದಳು. ‘ಅಲ್ಲೇ ಇತ್ತು. ಬರ್ಕಳಪ್ಪ.’

ಆ ಕ್ಷಣದಲ್ಲಿ ನಾನು ಒಂದು ಮಾತು ಹೇಳಬೇಕಿತ್ತು. ‘ಸಾರ್, ಅಜ್ಜಿ ತೋರಿಸಿದ್ದನ್ನು ಬರೆದುಕೊಳ್ಳಿ’ ಎಂಬ ನಾಲ್ಕು ಪದ. ಬಾಯಿಗೆ ಬಂದಿತ್ತು, ಹಾಜರಿಯ ಹಾಗೆ ಅಲ್ಲೇ ನಿಂತಿತು. ನಾನು ಪೆನ್ನಿನ ಮುಚ್ಚಳವನ್ನು ನೋಡುತ್ತ ನಿಂತೆ. ಅದು ಮುಚ್ಚಿಕೊಂಡಿತು. ಬಾಂದಪ್ಪ ಡೊಳ್ಳಿಲ್ಲದೆ ಬೇವಿನ ಮರಕ್ಕೆ ವಾಪಸಾದ.

ಗುರುವಾರ ವರದಿಯ ಕರಡು ಟೈಪಿಂಗಿಗೆ ಬಂತು. ಈಗ ಅದರ ಪ್ರತಿ ಅಜ್ಜಿಗೂ ಜಾರಿಯಾಗಿ ಹಟ್ಟಿಯ ಗುಡಿಗೋಡೆಯ ಮೇಲೆ ಅಂಟಿಕೊಂಡಿದೆ, ಹಾಗಾಗಿ ಇದು ಗುಟ್ಟಲ್ಲ. ‘ಎದುರುದಾರರು ಕಲ್ಲಿನ ಮೂಲ ಸ್ಥಳವನ್ನು ತೋರಿಸಲು ವಿಫಲರಾಗಿರುತ್ತಾರೆ.’ ಒಂದೇ ಸಾಲು. ಒಂದಕ್ಷರವನ್ನೂ ಬದಲಿಸದೆ ಟೈಪ್ ಮಾಡಿದೆ, ಮೂರು ಪ್ರತಿ ತೆಗೆದೆ, ಪಿನ್ ಹೊಡೆದೆ. ಆಮೇಲೆ ನನಗೆ ಯಾಕೋ ನಗು ಶುರುವಾಯಿತು, ನಿಲ್ಲಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ನಾನು ಹತ್ತು ಜನರ ಎದುರು ಮಾಡಿದ ಅತಿ ದೊಡ್ಡ ಸದ್ದು ಅದೇ. ಎರಡು ತಾಲ್ಲೂಕಿಗೆ ಕಾಣುವ ಹಾಗೆ ಕೋಲೆತ್ತಿ ತೋರಿಸಿದವಳು ತೋರಿಸಲು ವಿಫಲಳಂತೆ.

ರಾಜಶೇಖರಣ್ಣ ನನ್ನ ನಗು ಮುಗಿಯುವವರೆಗೆ ಕಾದರು. ಮೆಷಿನ್ನಿನ ತಟ್ಟೆಯಿಂದ ಒಂದು ಹಿಡಿ ಬಿಳಿ ಹಾಳೆ ತೆಗೆದು ನನ್ನ ಮುಂದೆ ಇಟ್ಟರು.

‘ಅಂಗಡಿ ಕೆಲ್ಸ ಮುಗೀತಲ್ಲ. ಈಗ ನಿಂದೇನೈತೋ ಬರ್ಕ. ಪೇಪರ್ ನಂದು.’

‘ಮೆಷಿನ್‌ಗೆ ಪಾರ್ಟಿ ಇಲ್ಲ ಅಂದಿದ್ರಿ ಅಣ್ಣ.’

‘ಮೆಷಿನ್‌ಗೆ ಇಲ್ಲ ಕಣಮ್ಮ. ನಂಗೂ ಇಲ್ಲ ಅಂದಿದ್ನಾ?’

ಹೀಗೆ ಈ ಪತ್ರ. ನಮ್ಮ ಬೇಡಿಕೆ ದೊಡ್ಡದಲ್ಲ. ದಣಿಯನ್ನು ಹಿಡಿದು ಜೈಲಿಗೆ ಹಾಕಿ ಎಂದು ನಾನು ಕೇಳುತ್ತಿಲ್ಲ. ಅವರನ್ನು ಹುಡುಕುವಷ್ಟರಲ್ಲಿ ಅವರು ಇನ್ಯಾವ ಊರಿನ ಯಾವ ನೆಂಟನಾಗಿರುತ್ತಾರೋ, ನಿಮಗೆ ವೃಥಾ ಪ್ರಯಾಣ. ಗುಡ್ಡವನ್ನು ವಾಪಸು ಕೊಡಿಸಿ ಎಂದೂ ಕೇಳುತ್ತಿಲ್ಲ. ಅದು ಈಗ ನಿಮ್ಮ ಕಚೇರಿಯ ಹೊಸ ಮೆಟ್ಟಿಲಿನಲ್ಲೂ ಸ್ವಲ್ಪ ಇರಬಹುದು. ಮಾಹಿತಿ ಹಕ್ಕಿನಲ್ಲಿ ಪಡೆದ ನಮ್ಮ ಗ್ರಾಮದ ಹಳೆಯ ನಕ್ಷೆ ನನ್ನ ಹತ್ತಿರ ಇದೆ. ಅದರಲ್ಲಿ ದೊಣೆಗುಡ್ಡದ ನೆತ್ತಿಯ ಮೇಲೆ ಬಾಂದುಕಲ್ಲಿನ ಗುರುತು ಕಡ್ಡಿ ಮುರಿದಷ್ಟು ಸ್ಪಷ್ಟವಾಗಿದೆ. ಅದನ್ನು ಹಿಡಿದುಕೊಂಡು, ಹದಿನೆಂಟರೊಳಗೆ ಯಾವತ್ತಾದರೂ ಒಂದು ದಿನ, ನೀವೇ ಖುದ್ದು ಬನ್ನಿ. ಅಜ್ಜಿ ಕೋಲೆತ್ತಿ ತೋರಿಸಿದ ಕಡೆ ತಲೆಯೆತ್ತಿ ಒಮ್ಮೆ ನೋಡಿ. ಆಮೇಲೆ ಎರಡರಲ್ಲಿ ಒಂದು ಮಾಡಿ. ಒಂದೋ, ನಿಮ್ಮ ಆದೇಶದ ಮೂಲ ಸ್ಥಳ ಎಲ್ಲಿದೆ ಎಂದು ತೋರಿಸಿಕೊಡಿ, ನಾವು ಅಲ್ಲೇ ನಿಂತು ಕಲ್ಲು ಇಡುತ್ತೇವೆ. ಇಲ್ಲವೋ, ಒಂದು ಹಾಳೆಯ ಮೇಲೆ ಒಂದೇ ಸಾಲು ಬರೆದುಕೊಡಿ: ‘ಕಲ್ಲು ಇದ್ದ ಜಾಗ ಈಗ ಇಲ್ಲ.’ ಟೈಪಿಂಗ್ ನಾನೇ ಮಾಡಿಕೊಡುತ್ತೇನೆ. ಆ ಒಂದು ಸಾಲಿಗೆ ನಿಮ್ಮ ಸಹಿ ಬಿದ್ದರೆ, ಅಜ್ಜಿಯ ಮೇಲಿನ ಮೊಕದ್ದಮೆ ಬಿದ್ದುಹೋಗುತ್ತದೆ. ಜಾಗ ಎಲ್ಲಿ ಹೋಯಿತು ಎಂದು ಕೇಳಲು ಮತ್ತೊಬ್ಬರಿಗೆ ದಾರಿಯಾಗುತ್ತದೆ. ನಿಮ್ಮ ಕೈ ಆ ಸಾಲಿಗೆ ಯಾಕೆ ಬರುತ್ತಿಲ್ಲ ಎನ್ನುವುದೂ ನನಗೆ ಗೊತ್ತು. ನನ್ನ ಬಾಯಿಂದ ಮಾತು ಅವತ್ತು ಯಾಕೆ ಹೊರಬರಲಿಲ್ಲವೋ ಅದೇ ಕಾರಣ. ನಾಚಿಕೆ ಎಂದು ನಾವು ಅದನ್ನು ಕರೆದುಕೊಳ್ಳುತ್ತೇವೆ.

ನಾನು ಪ್ರತಿ ಸಲ ಚಿತ್ರದುರ್ಗಕ್ಕೆ ಹೋಗಿ ಬಂದಾಗ ಅಜ್ಜಿ ಈಗ ಹೊಸದಾಗಿ ಅಲ್ಲಿಯ ಬೆಟ್ಟದ ಬಗ್ಗೆ ಒಂದು ಪ್ರಶ್ನೆ ಕೇಳುತ್ತಾಳೆ. ‘ಜೋಗಿಮಟ್ಟಿ ಐತೇನವ್ವಾ ಇನ್ನೂ?’

‘ಐತಜ್ಜಿ.’

‘ಮೊನ್ನೆ ನೋಡಿದ್ದೋ, ಇವತ್ತು ನೋಡಿದ್ದೋ?’

‘ಇವತ್ತೇ.’

‘ಸರಿ ಬಿಡು,’ ಎಂದು ಕುರಿಗಳ ಕಡೆ ತಿರುಗುತ್ತಾಳೆ. ಮಂದೆ ಇನ್ನೂ ಹೊರಟಿಲ್ಲ. ಈ ವರ್ಷದ ಮೊದಲ ಮರಿ ಹುಟ್ಟಿ ಹನ್ನೊಂದು ದಿನವಾಯಿತು, ಕಿವಿಯ ಮೇಲೆ ಕಪ್ಪು ಚುಕ್ಕೆ ಇದೆ. ಬಾಂದಪ್ಪ ಅವನ ಜಾಗದಲ್ಲಿ ಕೂತ ಮೇಲೇ ಹಣೆ ಮುಟ್ಟಿಸಬೇಕು ಎಂದು ಅಜ್ಜಿಯ ಹಟ. ನೀವು ಬರುವ ದಿನವನ್ನು ತಿಳಿಸಿದರೆ ಕಾಯಿ ತಂದಿರುತ್ತೇವೆ. ಏಣಿಯೂ ನಮ್ಮದೇ. ಪೆನ್ನು ಮಾತ್ರ ನೀವು ತನ್ನಿ, ಮುಚ್ಚಳ ಇಲ್ಲದ್ದು.

ಇಂತಿ,
ಅಜ್ಜಿಯ ತಪ್ಪೊಪ್ಪಿಗೆಯನ್ನೂ ಅವಳ ಮೇಲಿನ ಆದೇಶವನ್ನೂ ಒಂದೂ ತಪ್ಪಿಲ್ಲದೆ ಬರೆದುಕೊಟ್ಟವಳು, ತಡವಾಗಿ ಹಾಜರಿ ಹೇಳುತ್ತಿರುವ
ಚೈತ್ರಾ, ದೊಣೆಹಟ್ಟಿ
(ಗುಡ್ಡದ ಹತ್ತಿರ ಎಂದು ಇನ್ನು ಮುಂದೆ ವಿಳಾಸದಲ್ಲಿ ಬರೆಯುವಂತಿಲ್ಲ)